ಮೋಡದ ಮೇಲೊಂದು ಕಾಡು ಕಟ್ಟಿದರು

ಮಕ್ಕಳೇ, ಬಲೂನುಗಳು ಒಂದು ಮನೆಯನ್ನೇ ಎತ್ತಿಕೊಂಡು ಹಾರುವ ಸಿನಿಮಾ ನೋಡಿದ್ದೀರಾ? ಅದರ ಹೆಸರು ‘ಅಪ್’. ಅಮೆರಿಕದ ಪಿಕ್ಸಾರ್ ಸ್ಟುಡಿಯೊ ತಯಾರಿಸಿದ ಈ ಅನಿಮೇಷನ್ ಚಿತ್ರ 2009ರಲ್ಲಿ ತೆರೆಗೆ ಬಂತು. ಕತೆಯ ನಾಯಕ 78 ವರ್ಷದ ಕಾರ್ಲ್ ಅಜ್ಜ. ತೀರಿಕೊಂಡ ಹೆಂಡತಿ ಎಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವನು ಮನೆಗೆ ಸಾವಿರಾರು ಬಲೂನು ಕಟ್ಟಿ, ದಕ್ಷಿಣ ಅಮೆರಿಕದ ‘ಪ್ಯಾರಡೈಸ್ ಫಾಲ್ಸ್’ ಎಂಬ ಜಲಪಾತದತ್ತ ಹೊರಡುತ್ತಾನೆ. ಅವನಿಗೆ ಗೊತ್ತಿಲ್ಲದಂತೆ ರಸೆಲ್ ಎಂಬ 8 ವರ್ಷದ ಹುಡುಗನೂ ಆ ಮನೆಯಲ್ಲಿ ಸಿಕ್ಕಿಕೊಂಡಿರುತ್ತಾನೆ. ಅಜ್ಜಂದಿರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ನೋಡಬೇಕಾದ ಚಿತ್ರ ಇದು.

ಪ್ಯಾರಡೈಸ್ ಫಾಲ್ಸ್ ಎಂಬ ಜಲಪಾತವನ್ನು ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಚಿತ್ರ ಮಾಡಿದವರ ಕಲ್ಪನೆ. ಆದರೂ ನೋಡುವಾಗ ಇಂಥ ಜಾಗ ಎಲ್ಲೋ ಇದ್ದೇ ಇದೆ ಅನ್ನಿಸುತ್ತದೆ. ಹಾಗೆ ಅನ್ನಿಸಲು ಕಾರಣವಿದೆ. ಅದಕ್ಕೆ ತಳಪಾಯವಾದದ್ದು ನಿಜವಾದ ಒಂದು ರಾಷ್ಟ್ರೀಯ ಉದ್ಯಾನ: ವೆನೆಜುವೆಲಾ ದೇಶದ ಕನೈಮಾ.

ಮೇಜಿನಂಥ ಬೆಟ್ಟಗಳು

ಕನೈಮಾ ರಾಷ್ಟ್ರೀಯ ಉದ್ಯಾನವಾದದ್ದು 1962ರಲ್ಲಿ. ವಿಸ್ತೀರ್ಣ ಸುಮಾರು 30,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಬೆಲ್ಜಿಯಂ ದೇಶದಷ್ಟು. 1994ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿನ ಬೆಟ್ಟಗಳಿಗೆ ನಮ್ಮ ಬೆಟ್ಟಗಳ ಹಾಗೆ ಚೂಪಾದ ತುದಿಯಿಲ್ಲ. ಮೇಲೆ ಮೇಜಿನಂತೆ ಚಪ್ಪಟೆ, ಸುತ್ತ ಗೋಡೆಯಂತೆ ನೇರ. ಇವಕ್ಕೆ ‘ತೆಪುಯಿ’ ಎಂದು ಹೆಸರು. ಒಂದು ಕಾಲಕ್ಕೆ ಅಲ್ಲೆಲ್ಲ ಮರಳುಗಲ್ಲಿನ ವಿಶಾಲವಾದ ಪ್ರಸ್ಥಭೂಮಿ ಇತ್ತು. ಕೋಟ್ಯಂತರ ವರ್ಷಗಳ ಮಳೆ ಗಾಳಿಗೆ ಅದು ಸವೆದುಹೋಯಿತು. ಸವೆಯದೆ ನಿಂತ ತುಂಡುಗಳೇ ಇಂದಿನ ತೆಪುಯಿಗಳು.

ಆವ್ಯಾನ್ ಎಂಬ ತೆಪುಯಿಯ ಅಂಚಿನಿಂದ ಧುಮುಕುವ ಏಂಜೆಲ್ ಜಲಪಾತದ ಎತ್ತರ 979 ಮೀಟರ್. ನಮ್ಮ ಜೋಗ 253 ಮೀಟರ್. ಹೆಚ್ಚುಕಡಿಮೆ ನಾಲ್ಕು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದಂತೆ! ಬೇಸಿಗೆಯಲ್ಲಿ ಅದರ ನೀರು ನೆಲ ಮುಟ್ಟುವ ಮೊದಲೇ ಎಷ್ಟೋ ಪಾಲು ತುಂತುರಾಗಿ ಗಾಳಿಯಲ್ಲಿ ಚೆದುರಿಹೋಗುತ್ತದೆ.

ನೋಡಿ ಬಂದರು, ಆಮೇಲೆ ಬರೆದರು

‘ಅಪ್’ ಚಿತ್ರದ ನಿರ್ದೇಶಕರು ಪೀಟ್ ಡಾಕ್ಟರ್. (ಡಾಕ್ಟರ್ ಎಂಬುದು ಅವರ ಮನೆತನದ ಹೆಸರು, ಅವರು ವೈದ್ಯರಲ್ಲ!) 2004ರಲ್ಲಿ ಅವರು ಹನ್ನೊಂದು ಮಂದಿ ಕಲಾವಿದರ ಜೊತೆ ಈ ಬೆಟ್ಟಗಳನ್ನು ನೋಡಲು ಹೋದರು. ವಿಮಾನ, ಜೀಪು, ಹೆಲಿಕಾಪ್ಟರ್ ಎಲ್ಲ ಹತ್ತಿಳಿದು ರೊರೈಮಾ ಬೆಟ್ಟ ತಲುಪಲು ಮೂರು ದಿನ ಹಿಡಿಯಿತು. ಮೂರು ರಾತ್ರಿ ಅಲ್ಲೇ ತಂಗಿ, ಇರುವೆ, ಸೊಳ್ಳೆ, ಚೇಳುಗಳ ನಡುವೆ ಕೂತು ಚಿತ್ರ ಬರೆದರು.

ಅಲ್ಲಿ ಅವರ ಕಣ್ಣೆದುರು ಬೇರೆಯದೇ ಒಂದು ಲೋಕವಿತ್ತು. ಗಾಳಿ ಮಳೆಗೆ ಸವೆದು ಚಿತ್ರವಿಚಿತ್ರ ಆಕಾರ ತಾಳಿದ ಬಂಡೆಗಳು. ಮಣ್ಣಿನ ಸಾರವೆಲ್ಲ ಮಳೆಗೆ ಕೊಚ್ಚಿಹೋಗುವುದರಿಂದ ಕೀಟಗಳನ್ನೇ ಹಿಡಿದು ತಿಂದು ಬದುಕುವ, ಹೂಜಿಯಾಕಾರದ ಎಲೆಯ ಗಿಡಗಳು. ಕೆಲವು ತೆಪುಯಿಗಳಲ್ಲಿರುವ ಪುಟಾಣಿ ಕಪ್ಪು ಕಪ್ಪೆಗೆ ಸರಿಯಾಗಿ ಕುಪ್ಪಳಿಸಲು ಬರುವುದಿಲ್ಲ. ಅಪಾಯ ಬಂದರೆ ಮುದುರಿ ಉಂಡೆಯಾಗಿ, ಕಲ್ಲಿನ ಹಾಗೆ ಇಳಿಜಾರಿನಲ್ಲಿ ಉರುಳಿಹೋಗುತ್ತದೆ!

ಇಷ್ಟೆಲ್ಲ ನೋಡಿ ಬಂದವರು ಎಲ್ಲವನ್ನೂ ಸಿನಿಮಾದಲ್ಲಿ ತುಂಬಿದರೇ? ಇಲ್ಲ. ಅಲ್ಲಿನ ನಿಜ ಎಷ್ಟು ವಿಚಿತ್ರವೆಂದರೆ, ಇದ್ದಹಾಗೇ ತೋರಿಸಿದರೆ ಪ್ರೇಕ್ಷಕರು ನಂಬಲಾರರು ಎಂದು ಡಾಕ್ಟರ್ ಅವರಿಗೆ ಅನ್ನಿಸಿತಂತೆ. ಸುಳ್ಳನ್ನು ನಂಬಿಸುವುದು ಕಷ್ಟ ಅನ್ನುತ್ತೇವೆ. ಇಲ್ಲಿ ನಿಜವನ್ನು ನಂಬಿಸುವುದೇ ಕಷ್ಟವಾಯಿತು!

ಹಾಗಾದರೆ ಏನನ್ನು ಇಟ್ಟುಕೊಂಡರು? ಕತೆಗೆ ಬೇಕಾದದ್ದನ್ನು. ಚಿತ್ರದಲ್ಲಿ ಮನೆ ಜಲಪಾತದ ಪಕ್ಕ ಇಳಿಯುವುದಿಲ್ಲ, ಬೆಟ್ಟದ ಇನ್ನೊಂದು ತುದಿಗೆ ಬರುತ್ತದೆ. ಜಲಪಾತ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಬಲೂನಿನ ಗಾಳಿ ಉಳಿಯುವುದು ಹೆಚ್ಚೆಂದರೆ ಮೂರು ದಿನ. ಅಷ್ಟರೊಳಗೆ ಅಜ್ಜನೂ ಹುಡುಗನೂ ತೇಲುವ ಮನೆಯನ್ನು ನೀರಿನ ಪೈಪಿನಿಂದ ಕಟ್ಟಿಕೊಂಡು ಎಳೆಯುತ್ತಾ ನಡೆಯಬೇಕು. ಮೇಜಿನಂಥ ಬೆಟ್ಟ ಇಲ್ಲದಿದ್ದರೆ ಈ ನಡಿಗೆಯೇ ಇರುತ್ತಿರಲಿಲ್ಲ. ಆ ನಡಿಗೆ ಇಲ್ಲದಿದ್ದರೆ ಸಿಡುಕಿನ ಅಜ್ಜನಿಗೂ ಮಾತಿನ ಮಲ್ಲ ಹುಡುಗನಿಗೂ ಸ್ನೇಹ ಕುದುರುತ್ತಲೂ ಇರಲಿಲ್ಲ.

ಸಿನಿಮಾ ಬಿಟ್ಟುಬಿಟ್ಟ ಮಾತು

ಸಿನಿಮಾದಲ್ಲಿ ಕಾಣದ ಒಂದು ಸಂಗತಿಯನ್ನೂ ನಾವು ತಿಳಿದಿರಬೇಕು. ಪ್ಯಾರಡೈಸ್ ಫಾಲ್ಸ್‌ನಲ್ಲಿ ಹೊರಗಿನಿಂದ ಬಂದವರಿದ್ದಾರೆ, ಆದರೆ ಆ ನೆಲದ ಜನ ಒಬ್ಬರೂ ಇಲ್ಲ. ನಿಜವಾದ ಕನೈಮಾ ಹಾಗಲ್ಲ. ಅದು ಪೆಮೋನ್ ಎಂಬ ಮೂಲನಿವಾಸಿಗಳ ಊರು. ‘ತೆಪುಯಿ’ ಎಂಬುದು ಅವರದೇ ಮಾತು.

ಏಂಜೆಲ್ ಜಲಪಾತಕ್ಕೆ ಆ ಹೆಸರು ಬಂದದ್ದು ಜಿಮ್ಮಿ ಏಂಜೆಲ್ ಎಂಬ ಅಮೆರಿಕದ ವಿಮಾನ ಚಾಲಕನಿಂದ. 1937ರಲ್ಲಿ ಅವನು ಆವ್ಯಾನ್ ಬೆಟ್ಟದ ಮೇಲೆ ವಿಮಾನ ಇಳಿಸಿದ. ಚಕ್ರಗಳು ಕೆಸರಿನಲ್ಲಿ ಹೂತುಹೋದವು. ಅವನೂ ಅವನ ಹೆಂಡತಿಯೂ ಇನ್ನಿಬ್ಬರೂ 11 ದಿನ ನಡೆದು ಕೆಳಗಿಳಿದು ಬಂದರು. ವಿಮಾನ ಮಾತ್ರ 1970ರವರೆಗೆ ಬೆಟ್ಟದ ಮೇಲೆಯೇ ಕೂತಿತ್ತು. ಹೊರಜಗತ್ತು ಈ ಕತೆಯನ್ನು ಮೆಚ್ಚಿ ಜಲಪಾತಕ್ಕೆ ಅವನ ಹೆಸರಿಟ್ಟಿತು. ಆದರೆ ಪೆಮೋನರ ಮಾತಿನಲ್ಲಿ ಅದಕ್ಕೆ ‘ಕೆರೆಪಕುಪೈ ಮೆರೂ’ ಎಂಬ ಹೆಸರು ಇದ್ದೇ ಇತ್ತು. ಅತ್ಯಂತ ಆಳದ ಜಾಗದ ಜಲಪಾತ ಎಂದು ಅದರ ಅರ್ಥ. ‘ಅಪ್’ ಬಂದ 2009ರಲ್ಲೇ, ಜಲಪಾತವನ್ನು ಇನ್ನು ಮೂಲನಿವಾಸಿಗಳ ಹೆಸರಿನಿಂದಲೇ ಕರೆಯಬೇಕು ಎಂದು ವೆನೆಜುವೆಲಾದ ಆಗಿನ ಅಧ್ಯಕ್ಷ ಹ್ಯೂಗೊ ಚಾವೆಜ್ ಹೇಳಿದರು.

ಸಿನಿಮಾದ ಬೆಟ್ಟ ಎಷ್ಟು ಸಲ ನೋಡಿದರೂ ಹಾಗೇ ಇರುತ್ತದೆ. ನಿಜವಾದದ್ದಕ್ಕೆ ಆ ಭಾಗ್ಯವಿಲ್ಲ. ಚಿನ್ನದ ಆಸೆಗೆ ಕನೈಮಾದೊಳಗೂ ಅಕ್ರಮ ಗಣಿಗಾರಿಕೆ ನುಗ್ಗಿದೆ. ಅಂಥ ಗಣಿಗಾರಿಕೆಯಲ್ಲಿ ಕಾಡು ಕಡಿಯುತ್ತಾರೆ, ಚಿನ್ನ ಬೇರ್ಪಡಿಸಲು ಬಳಸುವ ಪಾದರಸ ನದಿಗೆ ಸೇರುತ್ತದೆ. ಆ ನೀರು ಕುಡಿಯುವ, ಆ ಮೀನು ತಿನ್ನುವ ಮಕ್ಕಳೂ ಅಲ್ಲಿದ್ದಾರೆ.

ಈ ರಜೆಯಲ್ಲಿ ಅಜ್ಜ ಅಜ್ಜಿಯರ ಜೊತೆ ಕೂತು ನೀವೂ ಒಂದು ಕಾಲ್ಪನಿಕ ಕಾಡಿನ ನಕ್ಷೆ ಬರೆಯಿರಿ. ನಿಮ್ಮ ಕತೆಯವರು ಎಲ್ಲಿಂದ ಎಲ್ಲಿಗೆ ಹೋಗಬೇಕು, ದಾರಿಯಲ್ಲಿ ಯಾವ ಅಡ್ಡಿ ಬರಬೇಕು ಎಂದು ಮೊದಲು ಯೋಚಿಸಿ. ಅಜ್ಜಿ ಕಣ್ಣಾರೆ ಕಂಡ ಒಂದು ಮರ, ಒಂದು ಹಕ್ಕಿ, ಒಂದು ಹಳ್ಳ ಅದರಲ್ಲಿ ಇರಲಿ. ಆ ಕಾಡಿನಲ್ಲಿ ಯಾರು ಬದುಕುತ್ತಾರೆ, ಅವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಗೊತ್ತುಮಾಡಿಕೊಂಡು, ನಕ್ಷೆಯ ತಲೆಯ ಮೇಲೆ ಆ ಹೆಸರನ್ನೇ ಬರೆಯಿರಿ.