ಟೈಮಿಂಗ್ ಗೇಟ್

ಟೈಮಿಂಗ್ ಗೇಟ್ ಅಥವಾ ವಿದ್ಯುನ್ಮಾನ ಸಮಯಮಾಪಕ ದ್ವಾರವು ಓಟಗಾರರು ಒಂದು ನಿಗದಿತ ದೂರವನ್ನು ಕ್ರಮಿಸಲು ತೆಗೆದುಕೊಳ್ಳುವ ಸಮಯವನ್ನು ಬೆಳಕಿನ ಕಿರಣದ ನೆರವಿನಿಂದ ಅಳೆಯುವ ಸಾಧನ. ಅಥ್ಲೆಟಿಕ್ಸ್, ಫುಟ್‌ಬಾಲ್, ಹಾಕಿ, ಕ್ರಿಕೆಟ್ ಮೊದಲಾದ ಕ್ರೀಡೆಗಳ ತರಬೇತಿಯಲ್ಲಿ ಸಾಮಾನ್ಯವಾಗಿ 5ರಿಂದ 40 ಮೀಟರ್‌ವರೆಗಿನ ವೇಗ ಪರೀಕ್ಷೆಗೆ ಇದನ್ನು ಬಳಸುತ್ತಾರೆ. ಉಪಕರಣವು ಸೆಕೆಂಡಿನ ನೂರನೇ ಅಥವಾ ಸಾವಿರನೇ ಭಾಗದವರೆಗೆ ಸಮಯವನ್ನು ತೋರಿಸಿದರೂ, ಆ ಅಂಕಿಯ ವಿಶ್ವಾಸಾರ್ಹತೆಯು ಗೇಟುಗಳನ್ನು ನಿಲ್ಲಿಸುವ ಕ್ರಮವನ್ನು ಮತ್ತು ಅವುಗಳ ನಿರ್ವಹಣೆಯನ್ನು ಅವಲಂಬಿಸಿದೆ.

ಕಾರ್ಯವಿಧಾನ

ಪ್ರತಿ ಗೇಟಿನಲ್ಲಿ ಓಟದ ಪಥದ ಎರಡು ಬದಿಗೆ ಎದುರುಬದುರಾಗಿ ನಿಲ್ಲಿಸಿದ ಎರಡು ಕಂಬಗಳಿರುತ್ತವೆ. ಒಂದು ಕಂಬದಿಂದ ಹೊರಡುವ ಅವಗೆಂಪು ಕಿರಣವನ್ನು ಎದುರಿನ ಕಂಬದ ಗ್ರಾಹಕವು ಸ್ವೀಕರಿಸುತ್ತದೆ. ಕೆಲವು ಮಾದರಿಗಳಲ್ಲಿ ಪ್ರತಿಫಲಕವು ಅದನ್ನು ಹಿಂದಿರುಗಿಸುತ್ತದೆ. ಓಟಗಾರರ ದೇಹವು ಕಿರಣವನ್ನು ತಡೆದ ಕ್ಷಣ ದಾಖಲಾಗುತ್ತದೆ. ಮೊದಲ ಗೇಟು ಸಮಯ ಗಣನೆಯನ್ನು ಆರಂಭಿಸಿದರೆ, ಮುಂದಿನ ಗೇಟುಗಳು ಆಯಾ ದೂರದ ಸಮಯವನ್ನು ನೀಡುತ್ತವೆ.

ಹಲವು ಗೇಟುಗಳಿದ್ದರೆ ಓಟದ ಹಂತಗಳನ್ನು ಬೇರ್ಪಡಿಸಿ ನೋಡಬಹುದು. ಉದಾಹರಣೆಗೆ, 20 ಮೀಟರ್‌ಗೆ 3.00 ಸೆಕೆಂಡ್ ಮತ್ತು 30 ಮೀಟರ್‌ಗೆ 4.15 ಸೆಕೆಂಡ್ ದಾಖಲಾದರೆ, ಕೊನೆಯ 10 ಮೀಟರ್‌ಗೆ ತಗುಲಿದ ಸಮಯ 1.15 ಸೆಕೆಂಡ್, ಅಂದರೆ ಆ ಹಂತದ ಸರಾಸರಿ ವೇಗ ಸೆಕೆಂಡಿಗೆ ಸುಮಾರು 8.7 ಮೀಟರ್.

ದೋಷದ ಮೂಲಗಳು

ಒಂದೇ ಕಿರಣವಿರುವ ಗೇಟಿನ ಮುಖ್ಯ ದೌರ್ಬಲ್ಯವೆಂದರೆ, ಮುಂಡಕ್ಕಿಂತ ಮೊದಲು ಬೀಸಿದ ಕೈ ಅಥವಾ ಎತ್ತಿದ ಮೊಣಕಾಲು ಕಿರಣವನ್ನು ತಡೆಯಬಹುದು. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವರ ಕೈಯು ಮುಂಡಕ್ಕಿಂತ 30 ಸೆಂಟಿಮೀಟರ್ ಮುಂದಿದ್ದರೆ, ಸುಮಾರು 0.04 ಸೆಕೆಂಡಿನ ವ್ಯತ್ಯಾಸ ಉಂಟಾಗುತ್ತದೆ. ಹಲವು ವಾರಗಳ ತರಬೇತಿಯಿಂದ ದೊರೆಯುವ ಸುಧಾರಣೆಯೂ ಇಷ್ಟೇ ಸಣ್ಣದಿರಬಹುದು. ಆದುದರಿಂದ ಇಂತಹ ದೋಷವು ಇಲ್ಲದ ಪ್ರಗತಿಯನ್ನು ತೋರಿಸಬಹುದು ಅಥವಾ ಇರುವ ಪ್ರಗತಿಯನ್ನು ಮರೆಮಾಡಬಹುದು. ತಂಡದ ಆಯ್ಕೆಯು ಈ ಪರೀಕ್ಷೆಯನ್ನು ಆಧರಿಸಿದ್ದರೆ ಅರ್ಹರಿಗೆ ಅನ್ಯಾಯವೂ ಆಗಬಹುದು. ಬೇರೆ ಬೇರೆ ಎತ್ತರದಲ್ಲಿರುವ ಎರಡು ಕಿರಣಗಳು ಏಕಕಾಲಕ್ಕೆ ತಡೆಯಲ್ಪಟ್ಟಾಗ ಮಾತ್ರ ದಾಖಲಿಸುವ ಗೇಟುಗಳು ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಇನ್ನು ಕೆಲವು ಸಾಧನಗಳು ಅತಿ ದೀರ್ಘವಾದ ತಡೆಯನ್ನು ಮುಂಡದ್ದೆಂದು ಗುರುತಿಸುತ್ತವೆ.

ಆರಂಭದ ಸ್ಥಾನವೂ ಫಲಿತಾಂಶವನ್ನು ಬದಲಿಸುತ್ತದೆ. ಮೊದಲ ಗೇಟಿಗಿಂತ ಒಂದು ಮೀಟರ್ ಹಿಂದಿನಿಂದ ಹೊರಟವರು, 30 ಸೆಂಟಿಮೀಟರ್ ಹಿಂದಿನಿಂದ ಹೊರಟವರಿಗಿಂತ ಹೆಚ್ಚು ವೇಗದಲ್ಲಿ ಗೇಟನ್ನು ಪ್ರವೇಶಿಸುವುದರಿಂದ ಅವರ ಸಮಯ ಕಡಿಮೆಯಾಗಿ ಕಾಣುತ್ತದೆ.

ಬಳಕೆಯ ಕ್ರಮ

- ದೂರವನ್ನು ಹೆಜ್ಜೆಯಿಂದ ಅಂದಾಜಿಸದೆ, ಬಿಗಿಯಾಗಿ ಎಳೆದ ಅಳತೆ ಟೇಪಿನಿಂದ ಗುರುತಿಸಬೇಕು.
- ಕಿರಣದ ಎತ್ತರವನ್ನು ಸಾಮಾನ್ಯವಾಗಿ ಸೊಂಟದ ಮಟ್ಟಕ್ಕೆ ಹೊಂದಿಸುತ್ತಾರೆ. ಆಯ್ದ ಎತ್ತರವನ್ನು ಮುಂದಿನ ಎಲ್ಲ ಪರೀಕ್ಷೆಗಳಲ್ಲಿಯೂ ಉಳಿಸಿಕೊಳ್ಳಬೇಕು.
- ಆರಂಭದ ಗೆರೆಯನ್ನು ಮೊದಲ ಗೇಟಿಗಿಂತ 30ರಿಂದ 50 ಸೆಂಟಿಮೀಟರ್ ಹಿಂದೆ ಎಳೆಯುವುದು ರೂಢಿ. ಹೊರಡುವ ಮುನ್ನ ಹಿಂದಕ್ಕೆ ತೂಗಾಡಲು ಅವಕಾಶವಿರಬಾರದು.
- ಪರೀಕ್ಷೆಗೆ ಮೊದಲು ಪ್ರತಿ ಗೇಟಿನ ಮೂಲಕ ನಡೆದು, ಅದು ಸ್ಪಂದಿಸುವುದನ್ನು ಖಚಿತಪಡಿಸಿಕೊಳ್ಳಬೇಕು.
- ಕೊನೆಯ ಗೇಟಿನ ಆಚೆಗೆ ಒಂದು ಗುರುತನ್ನಿಟ್ಟು ಅಲ್ಲಿಯವರೆಗೂ ಓಡುವಂತೆ ಸೂಚಿಸಿದರೆ, ಗೇಟಿನ ಬಳಿ ವೇಗ ತಗ್ಗಿಸುವುದು ತಪ್ಪುತ್ತದೆ.
- ಎರಡು ಅಥವಾ ಮೂರು ಪ್ರಯತ್ನಗಳ ನಡುವೆ ಪೂರ್ಣ ವಿಶ್ರಾಂತಿ ನೀಡಬೇಕು. ಸಮಯದೊಂದಿಗೆ ನೆಲದ ಸ್ವರೂಪ, ಗಾಳಿ ಮತ್ತು ಪಾದರಕ್ಷೆಯ ವಿವರಗಳನ್ನೂ ಬರೆದಿಡಬೇಕು.

ನಿರ್ವಹಣೆ

ಮಸೂರ ಮತ್ತು ಪ್ರತಿಫಲಕಗಳ ಮೇಲೆ ಕೂರುವ ಧೂಳು ಕಿರಣವನ್ನು ದುರ್ಬಲಗೊಳಿಸುತ್ತದೆ. ಅವುಗಳನ್ನು ಒಣಗಿದ ಮೃದುವಾದ ಬಟ್ಟೆಯಿಂದ ಒರೆಸಬೇಕು. ಒರಟು ಬಟ್ಟೆಯಿಂದ ಗೀರುಗಳು ಉಂಟಾಗುತ್ತವೆ. ಬಿಸಿಲು ನೇರವಾಗಿ ಗ್ರಾಹಕದ ಮೇಲೆ ಬಿದ್ದರೆ ಗೇಟು ಕಿರಣವನ್ನು ಗುರುತಿಸದೆ ಹೋಗಬಹುದು. ಆಗ ಕಂಬಗಳ ಬದಿಯನ್ನು ಅದಲುಬದಲು ಮಾಡುವುದು ಸುಲಭ ಪರಿಹಾರ. ಸಡಿಲವಾದ ಟ್ರೈಪಾಡ್ ಗಾಳಿಗೆ ಅಲುಗಾಡಿ ಸುಳ್ಳು ದಾಖಲೆಗೆ ಕಾರಣವಾಗುವುದರಿಂದ ಅದರ ತಿರುಪುಗಳನ್ನು ಆಗಾಗ ಪರಿಶೀಲಿಸಬೇಕು. ಬ್ಯಾಟರಿಗಳನ್ನು ಹಿಂದಿನ ದಿನವೇ ಚಾರ್ಜ್ ಮಾಡುವುದು ಒಳ್ಳೆಯದು. ದೀರ್ಘಕಾಲ ಬಳಸದಿದ್ದರೆ ಒಣ ಸೆಲ್‌ಗಳನ್ನು ಹೊರತೆಗೆಯಬೇಕು. ಲಿಥಿಯಂ ಬ್ಯಾಟರಿಯನ್ನು ಪೂರ್ಣ ಬರಿದಾದ ಸ್ಥಿತಿಯಲ್ಲಿ ಇಡಬಾರದು. ಮಳೆಗೆ ನೆನೆದ ಉಪಕರಣವನ್ನು ಸಂಪೂರ್ಣವಾಗಿ ಒಣಗಿಸಿದ ನಂತರವೇ ಪೆಟ್ಟಿಗೆಯಲ್ಲಿಡಬೇಕು.

ಇತರ ವಿಧಾನಗಳೊಂದಿಗೆ ಹೋಲಿಕೆ

ಸ್ಟಾಪ್‌ವಾಚ್ ಬಳಸುವವರು ಪಿಸ್ತೂಲಿನ ಹೊಗೆ ಅಥವಾ ಮಿಂಚನ್ನು ಕಂಡ ಬಳಿಕ ಗುಂಡಿ ಒತ್ತುವುದರಿಂದ ಕೈಯಳತೆಯ ಸಮಯ ಸಾಮಾನ್ಯವಾಗಿ ಕಡಿಮೆ ಬರುತ್ತದೆ. 100 ಮತ್ತು 200 ಮೀಟರ್ ಓಟಗಳ ಕೈಯಳತೆಯನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಕೂಡಿಸುವ ರೂಢಿಯಿದೆ. ಈ ತಿದ್ದುಪಡಿಯು ಗೇಟಿನ ಸಮಯಕ್ಕೆ ಅನ್ವಯಿಸುವುದಿಲ್ಲ.

ಸ್ಪರ್ಧೆಗಳಲ್ಲಿ ಪಿಸ್ತೂಲಿಗೆ ಜೋಡಿಸಿದ ಫೋಟೋ ಫಿನಿಶ್ ವ್ಯವಸ್ಥೆಯನ್ನು ಬಳಸುತ್ತಾರೆ. ಅದರಲ್ಲಿ ಓಟಗಾರರ ಪ್ರತಿಕ್ರಿಯೆಯ ಕಾಲವೂ ಸೇರಿರುತ್ತದೆ. ಮುಂಡವು ಅಂತಿಮ ಗೆರೆಯನ್ನು ತಲುಪಿದ ಕ್ಷಣವನ್ನು ಚಿತ್ರದಿಂದ ಓದಲಾಗುತ್ತದೆ. 1977ರಿಂದ ವೇಗದ ಓಟಗಳ ವಿಶ್ವದಾಖಲೆಗೆ ಪೂರ್ಣ ಸ್ವಯಂಚಾಲಿತ ಸಮಯವೇ ಕಡ್ಡಾಯವಾಗಿದೆ. ಗೇಟಿನ ಸಮಯವನ್ನು ಸ್ಪರ್ಧೆಯ ಸಮಯದೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಒಬ್ಬರದೇ ಫಲಿತಾಂಶಗಳನ್ನು, ಒಂದೇ ಬಗೆಯ ಉಪಕರಣ ಮತ್ತು ಒಂದೇ ಕ್ರಮದಲ್ಲಿ ಪಡೆದಾಗ ಮಾತ್ರ, ಹಿಂದಿನದರೊಂದಿಗೆ ಹೋಲಿಸಲು ಅದು ಉಪಯುಕ್ತವಾಗಿದೆ.