ಆ್ಯಪ್ ಮಾಡೋರು ಹೊಲಕ್ಕೆ ಯಾಕೆ ಬರಬೇಕು? ಬಂದಾಗ ನಾವೇನು ತೋರಿಸಬೇಕು?

ಈಗ ನಮ್ಮ ಮೊಬೈಲಿನಲ್ಲಿ ಮಳೆಗೆ ಒಂದು ಆ್ಯಪ್, ಮಂಡಿ ದರಕ್ಕೆ ಒಂದು, ರೋಗದ ಫೋಟೋ ಕಳಿಸೋಕೆ ಇನ್ನೊಂದು, ಬೆಳೆ ಸಮೀಕ್ಷೆಗೆ ಮತ್ತೊಂದು. ಸಮೀಕ್ಷೆಯಲ್ಲಿ ದಾಖಲಾದ ಬೆಳೆಯ ಮೇಲೆಯೇ ಬೆಳೆ ವಿಮೆ, ಬೆಳೆ ನಷ್ಟ ಪರಿಹಾರ, ಬೆಂಬಲ ಬೆಲೆ ಖರೀದಿ ಎಲ್ಲವೂ ನಿಂತಿವೆ. ರೋಗದ ಆ್ಯಪ್ ತಪ್ಪು ಹೇಳಿದ್ರೆ ತಪ್ಪು ಔಷಧಿ ಹೊಡೀತೀವಿ. ಹಾಗಾಗಿ ಆ್ಯಪ್ ಸರಿಯಾಗಿದೆಯೋ ಇಲ್ಲವೋ ಅನ್ನೋದು ನಮ್ಮ ಜೇಬಿಗೆ ಸಂಬಂಧಿಸಿದ ವಿಷಯ.

ತೋಟಗಾರಿಕೆ ಓದಿ, ಸಾವಯವ ತರಕಾರಿ ಬೆಳೀತಿರೋನು ಅಂತ ಗೊತ್ತಾದ ಮೇಲೆ ನನಗೆ ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳಿಂದ ಆಗಾಗ ಫೋನ್ ಬರುತ್ತೆ. "ಸಾರ್, ನಿಮ್ಮ ತೋಟಕ್ಕೆ ಬರಬಹುದಾ?" ಅಂತ ಕೇಳ್ತಾರೆ. ಸುತ್ತಲಿನ ರೈತರು "ಅವರು ಬಂದ್ರೆ ನಮಗೇನು ಲಾಭ, ಅರ್ಧ ದಿನದ ಕೆಲಸ ಕೆಡುತ್ತೆ" ಅನ್ನೋದೂ ಉಂಟು. ಆ ಅರ್ಧ ದಿನ ಯಾಕೆ ಕೊಡಬೇಕು, ಹೇಗೆ ಕೊಡಬೇಕು ಅನ್ನೋದೇ ಈ ವಾರದ ವಿಷಯ.

ಸ್ಟಾರ್ ಒತ್ತಿದರೆ ಸಾಲದೇ?

ಸಾಲದು. ಆ್ಯಪ್ ಇಷ್ಟವಾಗದ ರೈತ ದೂರು ಬರೆಯೋದಿಲ್ಲ, ಸುಮ್ಮನೆ ತೆಗೆದು ಹಾಕ್ತಾನೆ. ಬರೆಯುವವರು ಹೆಚ್ಚಾಗಿ ಟೈಪ್ ಮಾಡೋಕೆ ಬರುವ, ನೆಟ್‌ವರ್ಕ್ ಇರುವ ಊರಿನ ಹುಡುಗರು. ಬದುವಿನ ಮೇಲೆ ನಿಂತು ಒದ್ದಾಡಿದವರ ಮಾತು ಅಲ್ಲಿಗೆ ತಲುಪೋದೇ ಇಲ್ಲ.

ಫೋನ್ ಮಾಡಿ ಕೇಳಿದ್ರೂ ಅಷ್ಟೇ. "ಆ್ಯಪ್ ಹೇಗಿದೆ ಯಜಮಾನ್ರೇ?" ಅಂದ್ರೆ "ಚೆನ್ನಾಗಿದೆ ಸಾರ್" ಅಂತೀವಿ. ಪರಿಚಯ ಇಲ್ಲದವರ ಮನಸ್ಸು ಯಾಕೆ ನೋಯಿಸೋದು ಅಂತ. ಆಫೀಸಿನಲ್ಲಿ ಕೂತವರಿಗೆ ಎಷ್ಟು ಜನ ತೆರೆದರು, ಯಾವ ಪುಟದಲ್ಲಿ ಬಿಟ್ಟು ಹೋದರು ಅನ್ನೋ ಲೆಕ್ಕ ಸಿಗುತ್ತೆ. ಯಾಕೆ ಬಿಟ್ಟರು ಅನ್ನೋದು ಆ ಲೆಕ್ಕದಲ್ಲಿ ಇರೋದಿಲ್ಲ. ಕೈ ಕೆಸರಾಗಿತ್ತೋ, ಬಿಸಿಲಿಗೆ ಪರದೆ ಕಾಣಲಿಲ್ಲವೋ, ಮಗ ಫೋನ್ ತಗೊಂಡು ಕಾಲೇಜಿಗೆ ಹೋದನೋ, ಪಕ್ಕದಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುತ್ತೆ.

ಹೊಲದಲ್ಲಿ ಮಾತ್ರ ಕಾಣುವ ಸಂಗತಿಗಳು

ಕಳೆದ ವರ್ಷ ಮೆಣಸಿನಕಾಯಿ ಕಾಲದಲ್ಲಿ ಮೂರು ಜನರ ಒಂದು ತಂಡ ನಮ್ಮ ತೋಟಕ್ಕೂ ಅಕ್ಕಪಕ್ಕದ ಹೊಲಗಳಿಗೂ ಬಂದಿತ್ತು. ರೋಗ ಗುರುತಿಸುವ ಆ್ಯಪ್ ಅವರದು. ಅವತ್ತು ಅವರು ಬರೆದುಕೊಂಡದ್ದರಲ್ಲಿ ನಾಲ್ಕು ವಿಷಯ ಹೇಳ್ತೀನಿ.

ಮೊದಲನೆಯದು ಎಲೆಯ ಅಡಿಭಾಗ. ಮೆಣಸಿನಕಾಯಿಯಲ್ಲಿ ಎಲೆ ಮುದುಡಿದ್ರೆ ನಾವು ಎಲ್ಲವನ್ನೂ ಮುಟುರು ಅಂತೀವಿ. ಥ್ರಿಪ್ಸ್ ಬಿದ್ದರೆ ಎಲೆ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚುತ್ತೆ, ಮೈಟ್ ನುಸಿ ಬಿದ್ದರೆ ಕೆಳಕ್ಕೆ ಮಡಚುತ್ತೆ. ಥ್ರಿಪ್ಸ್‌ಗೆ ನೀಲಿ ಅಂಟು ಬಲೆ ಕಟ್ಟಬೇಕು, ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ ಬೇಕು. ಆ್ಯಪ್ ಮೇಲಿನಿಂದ ತೆಗೆದ ಒಂದೇ ಫೋಟೋ ಕೇಳ್ತಿತ್ತು. ಪಕ್ಕದ ಹೊಲದ ಅಜ್ಜ ಫೋನ್ ಮುಟ್ಟೋ ಮೊದಲೇ ಎಲೆ ತಿರುಗಿಸಿ ಅಡಿಭಾಗ ನೋಡಿದ್ರು. ಅದನ್ನು ಕಂಡ ಹುಡುಗಿ "ಅಜ್ಜಾ, ಯಾಕೆ ತಿರುಗಿಸಿದ್ರಿ?" ಅಂತ ಕೇಳಿದಳು. "ಹುಳ ಇರೋದು ಅಲ್ಲೇ ಅಲ್ವೇನವ್ವಾ" ಅಂದ್ರು. ಈಗ ಆ ಆ್ಯಪ್ ಅಡಿಭಾಗದ ಫೋಟೋನೂ ಕೇಳುತ್ತೆ.

ಎರಡನೆಯದು ಅಳತೆ. ಆ್ಯಪ್‌ನಲ್ಲಿ "ಲೀಟರಿಗೆ 3 ಗ್ರಾಂ" ಅಂತಿತ್ತು. ನಮ್ಮಲ್ಲಿ ಯಾರೂ ಲೀಟರ್ ಲೆಕ್ಕ ಹಾಕಲ್ಲ, "ಕ್ಯಾನಿಗೆ ಎಷ್ಟು?" ಅಂತ ಕೇಳ್ತೀವಿ. 16 ಲೀಟರ್ ಕ್ಯಾನಿಗೆ 48 ಗ್ರಾಂ ಅಂತ ನೇರವಾಗಿ ತೋರಿಸಿದ್ರೆ ಅಂದಾಜಿನ ಕೆಲಸ ತಪ್ಪುತ್ತೆ. ಹೆಕ್ಟೇರ್ ಕಥೆಯೂ ಹಾಗೇ. ಒಂದು ಹೆಕ್ಟೇರ್ ಅಂದ್ರೆ ಸುಮಾರು 2 ಎಕರೆ 19 ಗುಂಟೆ. 15 ಗುಂಟೆ ಇರೋನಿಗೆ ಅದರಿಂದ ಏನು ಅನುಕೂಲ? ಟೊಮೆಟೊ ದರ ಕ್ವಿಂಟಾಲಿಗೆ 2000 ಅಂದ್ರೆ ತಲೆಗೆ ಹೋಗಲ್ಲ, 15 ಕೆಜಿ ಬಾಕ್ಸಿಗೆ 300 ಅಂದ್ರೆ ತಕ್ಷಣ ಗೊತ್ತಾಗುತ್ತೆ.

ಮೂರನೆಯದು ಬಿಸಿಲು. ಮಧ್ಯಾಹ್ನ ಹನ್ನೆರಡಕ್ಕೆ ತಿಳಿ ಬೂದು ಅಕ್ಷರ ಯಾರಿಗೂ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ.

ನಾಲ್ಕನೆಯದು ಫೋನ್ ಯಾರದು ಅನ್ನೋದು. ಕಳೆ ತೆಗೆಯೋದು, ಕಾಯಿ ಕೀಳೋದು ಹೆಣ್ಣುಮಕ್ಕಳು, ರೋಗ ಮೊದಲು ಕಾಣೋದೂ ಅವರಿಗೇ. ಫೋನ್ ಇರೋದು ಗಂಡಸರ ಜೇಬಿನಲ್ಲಿ. ಸಂಜೆ ಮನೆಯಲ್ಲಿ ವಿಷಯ ಹೇಳಿ, ಮರುದಿನ ಫೋಟೋ ತೆಗೆಯೋ ಹೊತ್ತಿಗೆ ಎರಡು ದಿನ ಕಳೆದಿರುತ್ತೆ. ಇದು ಯಾವ ಪ್ರಶ್ನಾವಳಿಯಲ್ಲೂ ಬರೋದಿಲ್ಲ.

ಹೀಗೆ ಮಾಡಿ ಗೆದ್ದವರು

ಅಮೆರಿಕದ ಇಂಟ್ಯೂಟ್ ಕಂಪನಿ 1983ರಲ್ಲಿ ಶುರುವಾಯ್ತು. ಆಗ ಮನೆ ಲೆಕ್ಕ ಬರೆಯೋ ಸಾಫ್ಟ್‌ವೇರ್ ಅವರದಾಗಿತ್ತು. ಸಾಫ್ಟ್‌ವೇರ್ ಕೊಂಡವರ ಒಪ್ಪಿಗೆ ಪಡೆದು, ಅವರ ಮನೆಗೇ ಹೋಗಿ, ಬಳಸೋದನ್ನು ಸುಮ್ಮನೆ ಕೂತು ನೋಡೋದು ಆ ಕಂಪನಿಯ ಹಳೇ ಪದ್ಧತಿ. ಅದೇ ಕಂಪನಿಯ ಭಾರತದ ತಂಡ ವಾರಗಟ್ಟಲೆ ರೈತರ ಹಿಂದೆ ಹೊಲ, ಮನೆ, ಸಂತೆ ತಿರುಗಿತು. ಕೊಳೆಯುವ ಮಾಲು ಕೈಯಲ್ಲಿಟ್ಟುಕೊಂಡು, ದರ ಗೊತ್ತಿಲ್ಲದೆ ಮಂಡಿಗೆ ಹೋಗೋದೇ ದೊಡ್ಡ ಕಷ್ಟ ಅಂತ ಅವರಿಗೆ ಕಂಡಿತು. ಏಳೇ ವಾರದಲ್ಲಿ ಎಸ್ಸೆಮ್ಮೆಸ್ಸಿನಲ್ಲಿ ದರ ತಿಳಿಸುವ ಸೇವೆಯನ್ನು ಪರೀಕ್ಷೆಗಿಟ್ಟರು. ಮೊದಲ ಪರೀಕ್ಷೆಯಲ್ಲಿ ಹಿಂದೆ ಪೂರ್ತಿ ಸಾಫ್ಟ್‌ವೇರೇ ಇರಲಿಲ್ಲ, ಮನುಷ್ಯರೇ ಕೂತು ಕೆಲಸ ಮಾಡ್ತಿದ್ದರು. ಉಪಯೋಗ ಆಗುತ್ತೆ ಅಂತ ಖಾತ್ರಿಯಾದ ಮೇಲೆ ದುಡ್ಡು ಹಾಕಿದ್ರು.

ನಮ್ಮ ಕರ್ನಾಟಕದ್ದೇ ಉದಾಹರಣೆ ಡಿಜಿಟಲ್ ಗ್ರೀನ್. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಕೆಲಸ ಇದು. ಕೃಷಿ ವಿಡಿಯೋ ತೋರಿಸಿ, ಜೊತೆಯಲ್ಲಿ ಕೂತು ನೋಡಿದಾಗ ಗೊತ್ತಾದದ್ದು ಇಷ್ಟು: ವಿಡಿಯೋದಲ್ಲಿರೋ ರೈತ ಯಾವ ಊರಿನೋನು, ಹೆಸರೇನು ಅಂತ ಜನ ಮೊದಲು ಕೇಳ್ತಿದ್ರು. ತಮ್ಮಂಥವನೇ ಮಾಡಿದ್ದಾನೆ ಅಂದ್ರೆ ನಂಬಿಕೆ. ಹಾಗೇ, ಟಿವಿ ಹಾಕಿ ಹೋದರೆ ಸಾಲದು, ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳುವ, ಉತ್ತರಿಸುವ ಊರಿನವರೊಬ್ಬರು ಬೇಕು ಅಂತಲೂ ತಿಳಿಯಿತು. ಹಾಗೆಯೇ ಬದಲಾಯಿಸಿದ್ರು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ, ಮಾಮೂಲಿ ವಿಸ್ತರಣಾ ವಿಧಾನಕ್ಕಿಂತ ಆರೇಳು ಪಟ್ಟು ಹೆಚ್ಚಾಗಿ ರೈತರು ಕೆಲವು ಪದ್ಧತಿಗಳನ್ನು ಅಳವಡಿಸಿಕೊಂಡರು.

ಮಹಾರಾಷ್ಟ್ರದ ವಾರಣಾ ಸಕ್ಕರೆ ಸಹಕಾರಿಯಲ್ಲಿ 1998ರಿಂದ ಹಳ್ಳಿ ಹಳ್ಳಿಗೆ ಕಂಪ್ಯೂಟರ್ ಇಟ್ಟಿದ್ರು. ಸಂಶೋಧಕರು ಹೋಗಿ ನೋಡಿದರೆ ರೈತರಿಗೆ ಬೇಕಿದ್ದದ್ದು ಕಬ್ಬಿನ ತೂಕ, ಗೊಬ್ಬರದ ಲೆಕ್ಕ ಇಂಥ ಕೆಲವೇ ಮಾಹಿತಿ. ಅಷ್ಟಕ್ಕೆ ಎಸ್ಸೆಮ್ಮೆಸ್ ಸಾಕಿತ್ತು. 2007ರ ಹೊತ್ತಿಗೆ ಏಳು ಹಳ್ಳಿಗಳಲ್ಲಿ ಕಂಪ್ಯೂಟರಿನ ಜಾಗಕ್ಕೆ ಮೊಬೈಲ್ ಇಟ್ಟು ಪ್ರಯೋಗ ಮಾಡಿದ್ರು. ನೋಡಿಬರೋದ್ರಿಂದ ಹೊಸದು ಸೇರಿಸೋದಷ್ಟೇ ಅಲ್ಲ, ಬೇಡದ್ದನ್ನು ಬಿಡೋದೂ ತಿಳಿಯುತ್ತೆ.

ತಂಡ ನಿಮ್ಮ ಹೊಲಕ್ಕೆ ಬಂದಾಗ

1. ಮನೆ ಜಗಲಿಯಲ್ಲಿ ಕೂರಿಸಿ ಟೀ ಕೊಟ್ಟು ಕಳಿಸಬೇಡಿ. ಕೆಲಸ ನಡೆಯೋ ಹೊತ್ತಿಗೆ ಬರೋಕೆ ಹೇಳಿ, ಹೊಲಕ್ಕೆ ಕರ್ಕೊಂಡು ಹೋಗಿ.

2. ನಿಮ್ಮದೇ ಫೋನಿನಲ್ಲಿ, ನಿಮ್ಮದೇ ನೆಟ್‌ವರ್ಕಿನಲ್ಲಿ ಆ್ಯಪ್ ತೆರೆಯಿರಿ. ಅವರ ಹೊಸ ಫೋನಿನಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತೆ.

3. ಅವರು "ಇಲ್ಲಿ ಒತ್ತಿ" ಅಂತ ಹೇಳಿಕೊಡೋಕೆ ಬಂದ್ರೆ ಸ್ವಲ್ಪ ಸುಮ್ಮನಿರೋಕೆ ಹೇಳಿ. ನೀವು ಎಲ್ಲಿ ತಡವರಿಸ್ತೀರಿ ಅನ್ನೋದು ಅವರ ಕಣ್ಣಿಗೆ ಬೀಳಬೇಕು.

4. "ಮುಂದೆ ಇಂಥ ಸೌಲಭ್ಯ ಕೊಟ್ರೆ ಬಳಸ್ತೀರಾ?" ಅಂದ್ರೆ ಹೂಂ ಅನ್ನೋ ಬದಲು, ಹೋದ ಸಲ ರೋಗ ಬಂದಾಗ ಏನು ಮಾಡಿದ್ರಿ, ಯಾರನ್ನು ಕೇಳಿದ್ರಿ, ಎಷ್ಟು ಖರ್ಚಾಯ್ತು ಅಂತ ಹೇಳಿ. ನಡೆದದ್ದಕ್ಕೆ ತೂಕ ಜಾಸ್ತಿ.

5. ಮನೆಯ ಹೆಣ್ಣುಮಕ್ಕಳು, ಗುತ್ತಿಗೆಗೆ ಮಾಡೋರು, ಕೊಳವೆಬಾವಿ ಇಲ್ಲದೋರು ಇವರನ್ನೂ ಮಾತಾಡಿಸೋಕೆ ಹೇಳಿ. ಬರೀ ಪ್ರಗತಿಪರ ರೈತರನ್ನು ನೋಡಿ ಹೋದ್ರೆ ಆ್ಯಪ್ ಅವರಿಗಷ್ಟೇ ಆಗುತ್ತೆ.

6. ಇಷ್ಟವಾಗದ್ದನ್ನು ನೇರವಾಗಿ ಹೇಳಿ. ಅವರು ಅಷ್ಟು ದೂರ ಬಂದಿರೋದೇ ಅದಕ್ಕೆ.

ಒಂದು ಎಚ್ಚರಿಕೆ: ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಕೇಳಿದ್ರೆ ಕೊಡಬೇಡಿ. ಬಳಕೆ ನೋಡೋಕೆ ಅವು ಬೇಕಿಲ್ಲ. ಪಹಣಿ, ಫೋಟೋ, ವಿಡಿಯೋ ತಗೊಂಡ್ರೆ ಯಾತಕ್ಕೆ ಅಂತ ಕೇಳಿ. ಅರ್ಧ ದಿನದ ಕೂಲಿ ಕೇಳೋದ್ರಲ್ಲಿ ನಾಚಿಕೆ ಬೇಡ, ಒಳ್ಳೆ ತಂಡಗಳು ಕೊಡ್ತಾರೆ. ಹೊರಡುವಾಗ "ಏನು ಬದಲಾಯಿಸಿದ್ರಿ ಅಂತ ಮತ್ತೆ ತಿಳಿಸಿ" ಅಂತ ಹೇಳಿ, ಒಬ್ಬರ ನಂಬರ್ ಇಟ್ಟುಕೊಳ್ಳಿ.

ತಂಡದವರಿಗೂ ಒಂದು ಮಾತು

ನಾಲ್ಕೈದು ಹೊಲ ನೋಡಿದ ಮಾತ್ರಕ್ಕೆ ಇಡೀ ರಾಜ್ಯ ತಿಳಿಯಿತು ಅಂದುಕೊಳ್ಳಬೇಡಿ. ತುಮಕೂರಿನ ಮೆಣಸಿನಕಾಯಿ ಹೊಲ ಬೇರೆ, ಬ್ಯಾಡಗಿಯದು ಬೇರೆ, ತೀರ್ಥಹಳ್ಳಿಯ ಅಡಿಕೆ ತೋಟ ಇನ್ನೂ ಬೇರೆ. ಹೊಲದಲ್ಲಿ ಕಂಡದ್ದು ಎಷ್ಟು ಜನರಿಗೆ ಅನ್ವಯಿಸುತ್ತೆ ಅಂತ ನಿಮ್ಮ ಲೆಕ್ಕದಲ್ಲಿ ನೋಡಿ. ಲೆಕ್ಕದಲ್ಲಿ ಅರ್ಥವಾಗದ್ದನ್ನು ಹಿಡಿದು ಮತ್ತೆ ಹೊಲಕ್ಕೆ ಬನ್ನಿ. ಕೋಡ್ ಬರೆಯೋರೇ ಬಂದ್ರೆ ಇನ್ನೂ ಒಳ್ಳೇದು, ಇನ್ನೊಬ್ಬರು ಬರೆದ ವರದಿ ಓದಿದಷ್ಟಕ್ಕೆ ಬಿಸಿಲು ತಾಗೋದಿಲ್ಲ.

ಮುಂಗಾರು ಬಿತ್ತನೆ ಮುಗಿದು ಮೊದಲ ಕಳೆ ತೆಗೆಯುವ ಸಮಯ ಇಂಥ ಭೇಟಿಗೆ ಸೂಕ್ತ. ರೋಗ, ಕೀಟ, ಗೊಬ್ಬರ, ಕೂಲಿ ಎಲ್ಲ ಸಮಸ್ಯೆಯೂ ಒಟ್ಟಿಗೆ ಕಣ್ಣಮುಂದೆ ಇರುತ್ತೆ. ಯಾರಾದ್ರೂ ಫೋನ್ ಮಾಡಿದ್ರೆ ಆ ವಾರಕ್ಕೇ ದಿನ ಕೊಡಿ.