ನಿಮಗಿದು ಗೊತ್ತೆ? – ಮಾಸಿನ ದಪ್ಪಕ್ಕೂ ಒಂದು ಲೆಕ್ಕವುಂಟು

ಗರ್ಭಸ್ಥ ಶಿಶುವಿಗೆ ಪ್ರಾಣವಾಯುವನ್ನೂ ಪೋಷಣೆಯನ್ನೂ ಒದಗಿಸಿ, ಅದರ ಕಲ್ಮಷಗಳನ್ನು ತಾಯಿಯ ರಕ್ತಕ್ಕೆ ದಾಟಿಸುವ ಮಾಸು, ಪ್ರಸವಕಾಲಕ್ಕೆ ಸುಮಾರು 500 ಗ್ರಾಂ ತೂಗುವುದೆಂಬುದನ್ನು ಕೆಲವರಾದರೂ ಬಲ್ಲರು. ಆದರೆ ಅದರ ದಪ್ಪವನ್ನು ಸ್ಕ್ಯಾನಿಂಗ್ ಯಂತ್ರದ ಧ್ವನಿತರಂಗಗಳಿಂದ ಹೆರಿಗೆಗೆ ಮೊದಲೇ ಅಳೆಯಬಹುದೆಂಬುದನ್ನು ಬಲ್ಲವರು ವಿರಳ. ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್ ಮತ್ತವರ ಸಂಗಡಿಗರು 1958ರಲ್ಲಿ ಪ್ರಸಿದ್ಧಿಪಡಿಸಿದ ಲೇಖನದಿಂದ ಪ್ರಸೂತಿಶಾಸ್ತ್ರದಲ್ಲಿ ಕಾಲೂರಿದ ವಿದ್ಯೆ ಈ ಸ್ಕ್ಯಾನಿಂಗ್.

ಗರ್ಭಕ್ಕೆ ಎಷ್ಟು ವಾರಗಳೋ ಮಾಸಿಗೆ ಹೆಚ್ಚುಕಡಿಮೆ ಅಷ್ಟೇ ಮಿಲಿಮೀಟರ್ ದಪ್ಪವೆಂಬುದು ವೈದ್ಯರ ಸ್ಥೂಲಗಣನೆ. ಹೊಕ್ಕುಳಬಳ್ಳಿ ಬಂದು ಸೇರುವ ಮಧ್ಯಭಾಗದಲ್ಲಿ ಲಂಬವಾಗಿ ಅಳೆಯುವುದು ವಾಡಿಕೆ. ದಪ್ಪವು 4 ಸೆಂಟಿಮೀಟರನ್ನು ಮೀರಿದಲ್ಲಿ ತಾಯಿಯ ಮಧುಮೇಹ, ತೀವ್ರ ರಕ್ತಹೀನತೆ, ತಾಯಿ-ಶಿಶುಗಳ ಆರ್‌ಎಚ್ ರಕ್ತವೈಷಮ್ಯ, ಸಿಫಿಲಿಸಿನಂತಹ ಸೋಂಕು, ಇವುಗಳಲ್ಲಿ ಯಾವುದಾದರೊಂದು ಇರಬಹುದೇ ಎಂದು ಪರೀಕ್ಷಿಸುವರು. ದಿನ ತುಂಬುತ್ತ ಬಂದರೂ ತೀರ ತೆಳುವಾಗಿಯೇ ಉಳಿದ ಮಾಸು, ಶಿಶುವಿನ ಬೆಳವಣಿಗೆ ಕುಂಠಿತವಾಗಿರುವುದರೊಡನೆಯೂ ತಾಯಿಯ ಅಧಿಕ ರಕ್ತದೊತ್ತಡದೊಡನೆಯೂ ಕಾಣಿಸಿಕೊಳ್ಳುವುದುಂಟು.

ಹಾಗೆಂದು ಈ ಒಂದು ಅಂಕೆಯನ್ನೇ ಜಾತಕವೆಂದು ಭಾವಿಸಲಾಗದು. ಗರ್ಭಕೋಶವು ಕ್ಷಣಕಾಲ ಸಂಕುಚಿತವಾದರೂ, ಅದರ ಭಿತ್ತಿಯಲ್ಲಿ ಗಡ್ಡೆಯಿದ್ದರೂ ಮಾಸು ದಪ್ಪವಾದಂತೆ ತೋರಬಲ್ಲುದು. ದಪ್ಪ ಮಾಸಿನ ಎಷ್ಟೋ ತಾಯಂದಿರು ಆರೋಗ್ಯವಂತ ಶಿಶುಗಳನ್ನು ಹಡೆದಿದ್ದಾರೆ. ಆದುದರಿಂದ ವರದಿಯಲ್ಲಿ ಈ ಅಂಕೆಯನ್ನು ಕಂಡು ಕಳವಳಪಡುವ ಬದಲು, ಶಿಶುವಿನ ಬೆಳವಣಿಗೆಯೂ ಹೊಕ್ಕುಳಬಳ್ಳಿಯ ರಕ್ತಸಂಚಾರವೂ ಹೇಗಿವೆಯೆಂದು ವೈದ್ಯರನ್ನೇ ಕೇಳಿ ತಿಳಿಯಿರಿ.